ಲ್ಯಾಂಬೆತ್ ಅಂದರೇನು? ಇಂಗ್ಲೆಂಡಿನ ಊರ ಹೆಸರಿನ ಮೂಲ ಹುಡುಕುವ ಬಗೆ

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಡದಲ್ಲಿ ಬಸವಣ್ಣನ ಪ್ರತಿಮೆ ಇದೆ. 2015ರ ನವೆಂಬರಿನಲ್ಲಿ ಅನಾವರಣವಾದದ್ದು. ಅದಿರುವ ಜಾಗದ ಹೆಸರು ಲ್ಯಾಂಬೆತ್. ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಕೆನ್ನಿಂಗ್ಟನ್ ಸಿಗುತ್ತದೆ. ಓವಲ್ ಮೈದಾನ ಇರುವುದು ಅಲ್ಲೇ. 1971ರಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ 38 ರನ್ ಕೊಟ್ಟು 6 ವಿಕೆಟ್ ಕಿತ್ತದ್ದು, ಭಾರತ ಇಂಗ್ಲೆಂಡಿನಲ್ಲಿ ಮೊದಲ ಸಲ ಸರಣಿ ಗೆದ್ದದ್ದು ಆ ಮೈದಾನದಲ್ಲಿ.

ಹೀಗೆ ಕೇಳಿ ಕೇಳಿ ನಮಗೆ ಪರಿಚಯವಾದ ಇಂಗ್ಲೆಂಡಿನ ಹೆಸರುಗಳು ಎಷ್ಟೋ ಇವೆ. ಯಾರದ್ದೋ ಮಗ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿರುತ್ತಾನೆ, ಯಾರದ್ದೋ ಅಕ್ಕನ ಮನೆ ಕ್ರಾಯ್ಡನ್‌ನಲ್ಲಿ ಇರುತ್ತದೆ. ಆ ಹೆಸರುಗಳ ಅರ್ಥ ಏನು ಅಂತ ಕುತೂಹಲ ಹುಟ್ಟಿದರೆ, ಅದನ್ನು ಮನೆಯಲ್ಲೇ ಕುಳಿತು ಹುಡುಕಬಹುದು. ಭಾಷಾವಿಜ್ಞಾನ ಓದಿರಬೇಕು ಅಂತೇನಿಲ್ಲ. ಒಂದು ನಿಯಮ ಮಾತ್ರ ಬಿಡಬಾರದು: ಈಗಿನ ಸ್ಪೆಲಿಂಗ್ ನೋಡಿ ಅರ್ಥ ಹೇಳಬೇಡಿ. ಆ ಹೆಸರನ್ನು ಎಲ್ಲಕ್ಕಿಂತ ಮೊದಲು ಹೇಗೆ ಬರೆದಿದ್ದರು ಅಂತ ಗೊತ್ತಾಗುವ ತನಕ ನಿಮ್ಮ ಊಹೆ ನಿಮ್ಮಲ್ಲೇ ಇರಲಿ.

ನಮ್ಮ ಬೆಂಗಳೂರಿಗೂ ಇದೇ ನಿಯಮ, ಅಲ್ವಾ? ಹೊಯ್ಸಳ ಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟ ಕಥೆ 12ನೇ ಶತಮಾನದ್ದು ಅಂತ ಹೇಳುತ್ತಾರೆ. ಬೇಗೂರಿನ ವೀರಗಲ್ಲಿನಲ್ಲಿ ಬೆಂಗುಳೂರು ಅನ್ನುವ ಹೆಸರು 9ನೇ ಶತಮಾನದ ಕೊನೆಯ ಹೊತ್ತಿಗೇ ಇದೆ. ಹೆಸರು ಕಥೆಗಿಂತ ಹಳೆಯದು. ಅಲ್ಲಿಗೆ ಆ ಕಥೆಯ ಲೆಕ್ಕ ಮುಗಿಯಿತು.

ಮೊದಲು ಕೇಳಿಸಿಕೊಳ್ಳಿ

ಊರಿನವರು ಆ ಹೆಸರನ್ನು ಹೇಗೆ ಹೇಳುತ್ತಾರೆ ಅಂತ ತಿಳಿದುಕೊಳ್ಳಿ. ರೈಲಿನ ಅನೌನ್ಸ್‌ಮೆಂಟ್, ಸ್ಥಳೀಯ ರೇಡಿಯೋ ಕೇಳಿದರೆ ಸಾಕು. ಲೈಸೆಸ್ಟರ್ ಅಂತ ನಾವು ಓದುವುದು ಅವರ ಬಾಯಲ್ಲಿ ಲೆಸ್ಟರ್. ಗ್ರೀನ್‌ವಿಚ್ ಅಲ್ಲ, ಗ್ರೆನಿಚ್. ಲ್ಯಾಂಬೆತ್ ಪಕ್ಕದ ಸೌತ್‌ವಾರ್ಕ್ ಅವರಿಗೆ ಸದರ್ಕ್. ಬರವಣಿಗೆಯಲ್ಲಿ ಹೆಸರಿನ ಒಂದು ಕಾಲದ ರೂಪ ನಿಂತುಬಿಟ್ಟಿದೆ, ಬಾಯಿ ಮಾತ್ರ ಮುಂದಕ್ಕೆ ಹೋಗಿದೆ. ಎರಡನ್ನೂ ಗುರುತು ಹಾಕಿಕೊಂಡು ಮುಂದೆ ಹೋಗಿ.

ಹಳೆಯ ರೂಪಗಳನ್ನು ಸಾಲಾಗಿ ಬರೆದುಕೊಳ್ಳಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕಳೆಯಬೇಕಾದದ್ದು ಇಲ್ಲಿ.

ಮೊದಲ ಬಾಗಿಲು ಡೂಮ್ಸ್‌ಡೇ ದಾಖಲೆ. ನಾರ್ಮಂಡಿಯ ವಿಲಿಯಂ 1066ರಲ್ಲಿ ಇಂಗ್ಲೆಂಡನ್ನು ಗೆದ್ದ. 1085ರ ಕ್ರಿಸ್‌ಮಸ್ ಹೊತ್ತಿಗೆ, ದೇಶದಲ್ಲಿ ಯಾರ ಕೈಯಲ್ಲಿ ಎಷ್ಟು ಭೂಮಿ ಇದೆ, ಎಷ್ಟು ಉತ್ತುವ ನೇಗಿಲು ಇವೆ, ವರ್ಷಕ್ಕೆ ಏನು ಹುಟ್ಟುತ್ತದೆ ಅಂತ ಲೆಕ್ಕ ತೆಗೆಯಲು ಹೇಳಿದ. 1086ರಲ್ಲಿ ಆ ಲೆಕ್ಕ ತಯಾರಾಯಿತು. 13,000ಕ್ಕೂ ಹೆಚ್ಚು ಜಾಗಗಳ ಹೆಸರು ಅದರಲ್ಲಿದೆ. ಓಪನ್ ಡೂಮ್ಸ್‌ಡೇ ಅನ್ನುವ ವೆಬ್‌ಸೈಟಿನಲ್ಲಿ ಊರಿನ ಹೆಸರು ಹಾಕಿದರೆ ಮೂಲ ಪುಟದ ಚಿತ್ರವೇ ಬರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಬರ್ಮಿಂಗ್‌ಹ್ಯಾಮ್ ಹಾಕಿ ನೋಡಿ. ಇವತ್ತು ಹತ್ತು ಲಕ್ಷಕ್ಕೂ ಮೇಲೆ ಜನ ಇರುವ ಆ ನಗರ ಅಂದು ಒಂಬತ್ತು ಒಕ್ಕಲಿನ ಹಳ್ಳಿ, ವರ್ಷಕ್ಕೆ 20 ಶಿಲ್ಲಿಂಗ್ ಹುಟ್ಟುವಳಿ. ಹೆಸರು ಬೆರ್ಮಿಂಗೆಹಾಮ್ ಅಂತ ಇದೆ.

ಇಲ್ಲಿ ಎರಡು ವಿಷಯ ನೆನಪಿರಲಿ. ಒಂದು, ಆಗಿನ ಕೌಂಟಿ ಬೇರೆ, ಈಗಿನದು ಬೇರೆ. ಲ್ಯಾಂಬೆತ್, ಕೆನ್ನಿಂಗ್ಟನ್, ಸ್ಟ್ರೆಟಮ್ ಇವೆಲ್ಲ ಇವತ್ತು ಲಂಡನ್ನೇ ಆದರೂ ಡೂಮ್ಸ್‌ಡೇಯಲ್ಲಿ ಸರ್ರಿ ಕೌಂಟಿಯಲ್ಲಿವೆ. ಲಂಡನ್ ನಗರದ ಲೆಕ್ಕವಂತೂ ಅದರಲ್ಲಿ ಇಲ್ಲವೇ ಇಲ್ಲ. ಎರಡು, ಬರೆದವರ ಕಿವಿ ಫ್ರೆಂಚ್ ಕಿವಿ. ಅವರು ಕ ಅನ್ನುವ ಧ್ವನಿಗೆ ಸಿ ಮತ್ತು ಎಚ್ ಅಕ್ಷರ ಜೋಡಿಸಿ ಬರೆಯುತ್ತಿದ್ದರು. ಅದಕ್ಕೇ ಕೆನ್ನಿಂಗ್ಟನ್ ಅಲ್ಲಿ ಚೆನಿಂತುನೆ ಅನ್ನುವ ಹಾಗೆ ಕಾಣುತ್ತದೆ. ಸ್ತ ಅಂತ ಶುರುವಾಗುವ ಪದ ಅವರ ನಾಲಿಗೆಗೆ ಕಷ್ಟ, ಮುಂದೆ ಒಂದು ಎ ಸೇರಿಸುತ್ತಿದ್ದರು. ಸ್ಟ್ರೆಟಮ್ ಹಾಗಾಗಿ ಎಸ್ತ್ರೆಹಾಮ್ ಆಗಿದೆ. ನಾಟಿಂಗ್‌ಹ್ಯಾಮ್‌ನ ಗತಿ ಇದಕ್ಕೆ ತಿರುಗುಮುರುಗು. 868ರ ಘಟನೆ ಹೇಳುವ ಆಂಗ್ಲೋ-ಸ್ಯಾಕ್ಸನ್ ವೃತ್ತಾಂತದಲ್ಲಿ ಅದು ಸ್ನೋಟೆಂಗಹಾಮ್. ಸ್ನೋಟ್ ಅನ್ನುವವನ ಕಡೆಯ ಜನರ ನೆಲೆ. ನಾರ್ಮನ್ನರ ಬಾಯಲ್ಲಿ ಮೊದಲಿನ ಸ ಉದುರಿಹೋಯಿತು. ಅದೇ ನಗರದ ಒಂದು ಭಾಗ ಸ್ನೆಂಟನ್, ಅಲ್ಲಿ ಸ ಈಗಲೂ ಉಳಿದಿದೆ.

ಡೂಮ್ಸ್‌ಡೇ ಆದಮೇಲೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಕೀ ಟು ಇಂಗ್ಲಿಷ್ ಪ್ಲೇಸ್-ನೇಮ್ಸ್ ಅನ್ನುವ ವೆಬ್‌ಸೈಟಿಗೆ ಹೋಗಿ. ಊರಿನ ಅರ್ಥ, ಒಡೆದ ತುಂಡುಗಳು, ಅವು ಯಾವ ಭಾಷೆಯವು ಅನ್ನುವುದು ಚಿಕ್ಕದಾಗಿ ಸಿಗುತ್ತದೆ. ಹಳೆಯ ರೂಪಗಳು ವರ್ಷದ ಸಮೇತ ಬೇಕು ಅಂದರೆ ಇಂಗ್ಲಿಷ್ ಪ್ಲೇಸ್-ನೇಮ್ ಸೊಸೈಟಿಯ ಸಂಪುಟಗಳೇ ಬೇಕು. 1923ರಲ್ಲಿ ಶುರುವಾದ ಸಂಸ್ಥೆ ಅದು. ಕೌಂಟಿಗೊಂದರಂತೆ ಸಂಪುಟ ತರುತ್ತಾ ಬಂದಿದೆ, ದೊಡ್ಡ ಕೌಂಟಿಗೆ ಹಲವು. ಕೆಲಸ ಇನ್ನೂ ಮುಗಿದಿಲ್ಲ. ಲ್ಯಾಂಬೆತ್‌ಗೆ 1934ರ ಸರ್ರಿ ಸಂಪುಟ ನೋಡಬೇಕು. ನದಿಯ ಆಚೆ ದಡದ ಚೆಲ್ಸಿಗೆ 1942ರ ಮಿಡಲ್‌ಸೆಕ್ಸ್ ಸಂಪುಟ. ಇವು ದೊಡ್ಡ ಲೈಬ್ರರಿಗಳಲ್ಲಿ ಇರುತ್ತವೆ. ಒಂದೇ ಪುಸ್ತಕ ಸಾಕು ಅನ್ನುವವರಿಗೆ ಐಲರ್ಟ್ ಎಕ್ವಾಲ್ ಅವರ 1936ರ ನಿಘಂಟು ಇದೆ. ಎಕ್ವಾಲ್ ಸ್ವೀಡನ್ನಿನ ಲುಂಡ್‌ನಲ್ಲಿ ಪ್ರೊಫೆಸರ್ ಆಗಿದ್ದವರು. ಇಂಗ್ಲೆಂಡಿನ ಊರ ಹೆಸರುಗಳಿಗೆ ಅಷ್ಟು ದೊಡ್ಡ ಕೆಲಸ ಮಾಡಿದ್ದು ಸ್ವೀಡನ್ನಿನವರು ಅನ್ನುವುದು ನನಗೆ ಯಾವತ್ತೂ ಖುಷಿ ಕೊಡುವ ಸಂಗತಿ.

ಈಗ ಲ್ಯಾಂಬೆತ್ ಸಾಲು ಬರೆಯೋಣ. 1062ರಲ್ಲಿ ಲಾಂಬೆಹಿತ. 1086ರಲ್ಲಿ ಲಾಂಚೆಯ್. 1255ರಲ್ಲಿ ಲ್ಯಾಂಬೆತ್. ಡೂಮ್ಸ್‌ಡೇ ಒಂದನ್ನೇ ನಂಬಿದ್ದರೆ ಲಾಂಚೆಯ್ ಹಿಡಿದುಕೊಂಡು ಎಲ್ಲೆಲ್ಲೋ ಅಲೆಯಬೇಕಿತ್ತು. ಮೂರನ್ನೂ ಒಟ್ಟಿಗೆ ಇಟ್ಟಾಗ ನಡುವಿನದು ಬರೆದವರ ಕಿವಿಯ ದೋಷ ಅಂತ ತಿಳಿಯುತ್ತದೆ. ಒಂದು ರೂಪ ಸಾಲದು, ಕಡಿಮೆ ಅಂದರೂ ಮೂರು ಬೇಕು ಅನ್ನುವುದು ಇದಕ್ಕೇ. ಇನ್ನೂ ಒಂದು ಎಚ್ಚರ: ಹಳೆಯ ಸನ್ನದುಗಳಲ್ಲಿ ಎಷ್ಟೋ ನಮಗೆ ಸಿಕ್ಕಿರುವುದು ಆಮೇಲಿನವರು ಮಾಡಿದ ಪ್ರತಿಯಾಗಿ. ಸನ್ನದಿನ ವರ್ಷ ಒಂದು, ಪ್ರತಿ ಬರೆದ ವರ್ಷ ಇನ್ನೊಂದು. ಎರಡೂ ಕೊಟ್ಟಿದ್ದರೆ ಎರಡನ್ನೂ ಬರೆದುಕೊಳ್ಳಿ.

ಯಾರು ಇಟ್ಟ ಹೆಸರು?

ಇಂಗ್ಲೆಂಡಿಗೆ ಒಬ್ಬರಾದ ಮೇಲೆ ಒಬ್ಬರು ಬಂದರು. ಮೊದಲಿದ್ದವರು ಬ್ರಿಟನ್ನರು, ಅವರ ಮಾತಿನ ಕುಡಿಯೇ ಇವತ್ತಿನ ವೆಲ್ಷ್. ಆಮೇಲೆ ಲ್ಯಾಟಿನ್ ಆಡುವ ರೋಮನ್ನರು. 5ನೇ ಶತಮಾನದಿಂದ ಆಂಗ್ಲರು, ಸ್ಯಾಕ್ಸನ್ನರು. 9ನೇ ಶತಮಾನದಲ್ಲಿ ಡೇನರು. 1066ರ ನಂತರ ಫ್ರೆಂಚ್ ಮಾತಿನ ನಾರ್ಮನ್ನರು. ಊರ ಹೆಸರುಗಳಲ್ಲಿ ಬಹುಪಾಲು ಹಳೆಯ ಇಂಗ್ಲಿಷಿನದು, ಅಂದರೆ ಮೂರನೆಯವರದು. ನದಿಗಳ ಹೆಸರು ಮಾತ್ರ ಬ್ರಿಟನ್ನರ ಕಾಲದ್ದೋ ಅದಕ್ಕೂ ಹಿಂದಿನದೋ ಆಗಿರುವುದು ಜಾಸ್ತಿ. ಏವನ್ ಅಂದರೆ ಬ್ರಿಟನ್ನರ ಮಾತಿನಲ್ಲಿ ಹೊಳೆ ಅಂತಲೇ ಅರ್ಥ.

ಪದರ ಪದರವಾಗಿ ಇದನ್ನು ನೋಡಬೇಕು ಅಂದರೆ ಯಾರ್ಕ್‌ಗಿಂತ ಒಳ್ಳೆಯ ಊರಿಲ್ಲ. ರೋಮನ್ನರ ಕಾಲದಲ್ಲಿ ಅದು ಎಬೊರಾಕುಮ್. ಬ್ರಿಟನ್ನರ ಪದವನ್ನೇ ಅವರು ಲ್ಯಾಟಿನ್ ಮಾಡಿಕೊಂಡಿದ್ದರು. ಯೂ ಅನ್ನುವ ಮರಗಳಿರುವ ಜಾಗ ಅಂತ ಅದಕ್ಕೆ ಅರ್ಥ ಇರಬೇಕು. ಆಂಗ್ಲರು ಬಂದಾಗ ಅವರಿಗೆ ಎಬೊರ್ ಅಂದರೆ ಏನೂ ತಿಳಿಯಲಿಲ್ಲ. ತಮ್ಮ ಮಾತಿನಲ್ಲಿ ಅದಕ್ಕೆ ಹತ್ತಿರ ಕೇಳಿಸುವ ಪದ ಎಯೊಫೊರ್, ಅಂದರೆ ಕಾಡುಹಂದಿ. ಅದಕ್ಕೆ ಪೇಟೆ ಅನ್ನುವ ಅರ್ಥದ ವಿಕ್ ಸೇರಿಸಿ ಎಯೊಫೊರ್‌ವಿಕ್ ಅಂದರು. 866ರಲ್ಲಿ ಡೇನರು ಊರು ಹಿಡಿದರು. ಅವರ ನಾಲಿಗೆಯಲ್ಲಿ ಅದು ಯೋರ್ವಿಕ್ ಆಯಿತು. ಅದೇ ಸವೆದು ಸವೆದು ಯಾರ್ಕ್. ಈಗಿನ ಯಾರ್ಕ್ ಅನ್ನುವ ಒಂದೇ ಉಚ್ಚಾರದಿಂದ ಯಾವ ಜಾಣನೂ ಯೂ ಮರಕ್ಕೆ ಹೋಗಿ ಮುಟ್ಟಲಾರ.

ಡೇನರ ಗುರುತು ಹಿಡಿಯುವುದು ಸುಲಭ. ಅವರು ಜಾಸ್ತಿ ನೆಲೆ ನಿಂತದ್ದು ಯಾರ್ಕ್‌ಶರ್, ಲಿಂಕನ್‌ಶರ್, ಲೆಸ್ಟರ್‌ಶರ್ ಕಡೆ. ಅಲ್ಲಿ ಹೆಸರಿನ ಕೊನೆಗೆ ಬಿ ಅಂತ ಬಂದರೆ ಅದು ಅವರ ಹಳ್ಳಿ. ಗ್ರಿಮ್ಸ್‌ಬಿ ಅಂದರೆ ಗ್ರಿಮ್ ಅನ್ನುವವನ ಹಳ್ಳಿ. ಥಾರ್ಪ್ ಅಂತ ಬಂದರೆ ದೊಡ್ಡ ಊರಿಗೆ ಅಂಟಿಕೊಂಡ ಚಿಕ್ಕ ಹಳ್ಳಿ. ಇನ್ನೊಂದು ಗುರುತು ಕಿವಿಗೆ ಸಿಗುತ್ತದೆ. ಹಳೆಯ ಇಂಗ್ಲಿಷಿನ ಶ, ಚ ಅವರ ಬಾಯಲ್ಲಿ ಸ್ಕ, ಕ ಆಗುತ್ತಿತ್ತು. ಶಿಪ್ಟನ್ ಅಂದರೂ ಸ್ಕಿಪ್ಟನ್ ಅಂದರೂ ಕುರಿ ಸಾಕುವ ಜಾಗವೇ. ಲಂಡನ್ನಿನ ಚಿಸಿಕ್, ಉತ್ತರದ ಕೆಸಿಕ್ ಎರಡೂ ಚೀಸ್ ಮಾಡುವ ಜಾಗಗಳು. ಸ್ಕಿಪ್ಟನ್, ಕೆಸಿಕ್ ಇರುವುದು ಉತ್ತರದಲ್ಲಿ, ಡೇನರ ಮತ್ತು ನಾರ್ವೆಯವರ ಮಾತು ಬೆರೆತ ಸೀಮೆಯಲ್ಲಿ.

ನಾರ್ಮನ್ನರು ಹೊಸ ಊರ ಹೆಸರು ಇಟ್ಟದ್ದು ಕಡಿಮೆ. ಇದ್ದ ಹೆಸರಿಗೆ ತಮ್ಮ ಮನೆತನದ ಹೆಸರು ಅಂಟಿಸಿದರು. ಆಶ್‌ಬಿ-ಡಿ-ಲಾ-ಜೂಶ್ ಅನ್ನುವ ಊರಿನ ಉದ್ದ ಬಾಲ ಹಾಗೆ ಬಂದದ್ದು. ಲ್ಯಾಂಬೆತ್ ಪಕ್ಕದ ವಾಕ್ಸಾಲ್ ಕೂಡ ಅವರದೇ ಕೊಡುಗೆ: ಜಾನ್ ದೊರೆಯ ದಂಡನಾಯಕ ಫಾಕ್ಸ್ ಡಿ ಬ್ರೋಟೆಯ ಮನೆ ಇದ್ದ ಜಾಗ. ಫಾಕ್ಸನ ಹಾಲ್, ವಾಕ್ಸಾಲ್. ರಷ್ಯನ್ನರು ರೈಲ್ವೆ ಸ್ಟೇಷನ್ನಿಗೆ ವಗ್ಜಾಲ್ ಅನ್ನುವುದೂ ಈ ಹೆಸರಿನಿಂದಲೇ ಹೋದದ್ದು.

ಕೊನೆಯ ತುಂಡು ಮೊದಲು ಬಿಡಿಸಿ

ಹಳೆಯ ರೂಪ ಕೈಯಲ್ಲಿದೆ, ಭಾಷೆ ಗೊತ್ತಾಗಿದೆ. ಈಗ ಒಡೆಯಿರಿ. ನಮ್ಮ ಹಳ್ಳಿ, ಕೆರೆ, ಪಾಳ್ಯಗಳ ಹಾಗೆ ಅಲ್ಲೂ ಜಾಗ ಎಂಥದ್ದು ಅಂತ ಹೇಳುವುದು ಕೊನೆಯ ತುಂಡು. ಹಾಮ್ ಅಂದರೆ ಮನೆ, ನೆಲೆ. ತೂನ್ ಅಂದರೆ ಬೇಲಿ ಹಾಕಿದ ಹೊಲಮನೆ, ಆಮೇಲೆ ಹಳ್ಳಿ. ಲೇ ಅಂದರೆ ಕಾಡು, ಅಥವಾ ಕಾಡಿನ ನಡುವೆ ತೆರವು ಮಾಡಿದ ಬಯಲು. ಫೋರ್ಡ್ ಅಂದರೆ ಹೊಳೆ ಹಾಯುವ ಜಾಗ. ಚೆಸ್ಟರ್, ಕ್ಯಾಸ್ಟರ್, ಸೆಸ್ಟರ್ ಮೂರೂ ಒಂದೇ, ರೋಮನ್ನರ ಕೋಟೆ ಇದ್ದ ಊರು.

ಇಷ್ಟನ್ನು ಬಾಯಿಪಾಠ ಮಾಡಿಕೊಂಡು ನಕಾಶೆ ಮೇಲೆ ಓಡಿಸಿದರೆ ಮಾತ್ರ ಎಡವುತ್ತೀರಿ. ಬ್ರಿಕ್ಸ್‌ಟನ್ ನೋಡಿ. ಟನ್ ಇದೆ, ಹಳ್ಳಿ ಅಂತೀರಿ. 1062ರ ರೂಪ ಬ್ರಿಕ್ಸ್‌ಜೆಸ್ ಸ್ತಾನೆ. ಅಲ್ಲಿರುವುದು ತೂನ್ ಅಲ್ಲ, ಸ್ತಾನ್, ಅಂದರೆ ಕಲ್ಲು. ಬೆಯೊರ್ತ್‌ಸಿಯೆ ಅನ್ನುವವನ ಹೆಸರಿನ ಕಲ್ಲು. ಸುತ್ತಿನ ಊರಿನವರು ಸಭೆ ಸೇರಲು ಇಂಥ ಗುರುತಿನ ಕಲ್ಲುಗಳನ್ನು ಇಟ್ಟುಕೊಳ್ಳುತ್ತಿದ್ದರು. ಕ್ರಾಯ್ಡನ್ ಮತ್ತು ಸ್ವಿಂಡನ್ ಎರಡರ ಕೊನೆಯೂ ಈಗ ಒಂದೇ. ಹಳೆಯ ರೂಪದಲ್ಲಿ ಸ್ವಿಂಡನ್‌ನ ಡನ್ ದೂನ್, ಅಂದರೆ ಗುಡ್ಡ: ಹಂದಿಗಳ ಗುಡ್ಡ. ಕ್ರಾಯ್ಡನ್‌ನ ಡನ್ ದೆನು, ಅಂದರೆ ಕಣಿವೆ: ಕೇಸರಿ ಬೆಳೆಯುವ ಕಣಿವೆ. ಒಂದು ಮೇಲೆ, ಒಂದು ಕೆಳಗೆ.

ಬ್ರೌಟನ್ ಅನ್ನುವ ಊರುಗಳು ಇಂಗ್ಲೆಂಡಿನಲ್ಲಿ ಹಲವಾರಿವೆ. ಕೆಲವು ತೊರೆಯ ಹಳ್ಳಿ, ಕೆಲವು ಕೋಟೆಯ ಹಳ್ಳಿ, ಕೆಲವು ಗುಡ್ಡದ ಹಳ್ಳಿ. ಒಂದು ಬ್ರೌಟನ್ ಅರ್ಥವನ್ನು ಇನ್ನೊಂದಕ್ಕೆ ಅಂಟಿಸುವ ಹಾಗಿಲ್ಲ.

ಮೊದಲ ತುಂಡು ಸಾಮಾನ್ಯವಾಗಿ ಒಬ್ಬ ಮನುಷ್ಯನದ್ದೋ, ಪ್ರಾಣಿಯದ್ದೋ, ಬೆಳೆಯದ್ದೋ, ದಿಕ್ಕಿನದ್ದೋ ಇರುತ್ತದೆ. ನಡುವೆ ಇಂಗ್ ಅಂತ ಬಂದರೆ ಎಷ್ಟೋ ಕಡೆ ಇಂಥವನ ಜನ ಅಂತ ಅರ್ಥ. ಬರ್ಮಿಂಗ್‌ಹ್ಯಾಮ್ ಬೆಯೊರ್ಮನ ಜನರ ನೆಲೆ. ಕೆನ್ನಿಂಗ್ಟನ್‌ನಲ್ಲಿ ಇರುವುದು ಚೇನ ಅಥವಾ ಕೇನ ಅಂತ ಓದಬಹುದಾದ ಒಂದು ಹೆಸರು, ಅವನಿಗೆ ಸೇರಿದ ಹೊಲಮನೆ. ಈ ಬೆಯೊರ್ಮ ಯಾರು, ಕೇನ ಯಾರು ಅಂತ ಕೇಳಿದರೆ ಊರ ಹೆಸರು ಬಿಟ್ಟು ಬೇರೆ ಸುಳಿವಿಲ್ಲ. ಅಲ್ಲಿಗೇ ನಿಲ್ಲಿಸಿ. ಅವನಿಗೊಂದು ಕಿರೀಟ ತೊಡಿಸಿ ರಾಜ ಮಾಡಲು ಹೋಗಬೇಡಿ.

ನೆಲ ನೋಡಿ

ಅಕ್ಷರದಲ್ಲಿ ತೀರ್ಮಾನವಾಗದ್ದು ನೆಲದಲ್ಲಿ ಆಗುತ್ತದೆ. ಬಕಿಂಗ್‌ಹ್ಯಾಮ್ ಮತ್ತು ಬರ್ಮಿಂಗ್‌ಹ್ಯಾಮ್ ಕೊನೆಗಳು ಈಗ ಒಂದೇ ಥರ ಕಾಣುತ್ತವೆ. ಬಕಿಂಗ್‌ಹ್ಯಾಮ್‌ನದು ಹಾಮ್ ಅಲ್ಲ, ಹಮ್, ಅಂದರೆ ನೀರು ಸುತ್ತುವರಿದ ಬಯಲು. ನಕಾಶೆ ತೆರೆದು ನೋಡಿ, ಹಳೆಯ ಊರಿನ ಸುತ್ತ ಗ್ರೇಟ್ ಊಸ್ ಹೊಳೆ ಬಳಸಿಕೊಂಡು ಹೋಗಿದೆ.

ಮಾರ್ಗರೆಟ್ ಗೆಲ್ಲಿಂಗ್ ಅವರು ಈ ದಾರಿಯಲ್ಲಿ ಜೀವನವಿಡೀ ದುಡಿದವರು. ಗುಡ್ಡಕ್ಕೆ ಹಳೆಯ ಇಂಗ್ಲಿಷಿನಲ್ಲಿ ಹತ್ತಾರು ಪದಗಳಿವೆ. ಎಲ್ಲಕ್ಕೂ ಸುಮ್ನೆ ಗುಡ್ಡ ಅಂತ ಬರೆದು ಬಿಡುತ್ತಿದ್ದ ಕಾಲದಲ್ಲಿ, ಒಂದೊಂದಕ್ಕೂ ಒಂದೊಂದು ಆಕಾರ ಇದೆ ಅಂತ ತೋರಿಸಿಕೊಟ್ಟರು. ದೂನ್ ಅಂದರೆ ಮೇಲೆ ಚಪ್ಪಟೆಯಾಗಿ ಊರು ಕಟ್ಟಲು ಜಾಗವಿರುವ ಗುಡ್ಡ. ಬೆಯೊರ್ಗ್ ಅಂದರೆ ದುಂಡನೆಯ ದಿಬ್ಬ. ಹೋಹ್ ಅಂದರೆ ಹಿಮ್ಮಡಿ, ನೆಲ ಹಿಮ್ಮಡಿಯ ಹಾಗೆ ಚಾಚಿ ಥಟ್ಟನೆ ಇಳಿಯುವ ಕಡೆ ಆ ಪದ ಬರುತ್ತದೆ. ಉತ್ತು ಮೇಯಿಸಿ ಬದುಕುವ ಜನ ನೆಲವನ್ನು ಎಷ್ಟು ಹತ್ತಿರದಿಂದ ನೋಡಿದ್ದರು ನೋಡಿ.

ಇಂಗ್ಲೆಂಡಿಗೆ ಹೋಗದೆಯೂ ಇದನ್ನು ಮಾಡಬಹುದು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಇಂಗ್ಲೆಂಡಿನ ಹಳೆಯ ಆರ್ಡ್‌ನೆನ್ಸ್ ಸರ್ವೆ ನಕಾಶೆಗಳೂ ಉಚಿತವಾಗಿ ಇವೆ. ಕಟ್ಟಡಗಳು ತುಂಬುವ ಮೊದಲಿನ ತೊರೆ, ಜೌಗು, ದಿಬ್ಬ ಎಲ್ಲ ಅಲ್ಲಿ ಕಾಣುತ್ತವೆ. ಸ್ಟ್ರೆಟಮ್ ಅಂದರೆ ರೋಮನ್ ರಸ್ತೆಯ ಬದಿಯ ನೆಲೆ. ಆ ರಸ್ತೆಯ ಜಾಡಿನಲ್ಲೇ ಇವತ್ತಿಗೂ ಬಸ್ಸು ಲಾರಿ ಓಡುತ್ತವೆ.

ನೆಂಟರನ್ನು ಹುಡುಕಿ

ಲ್ಯಾಂಬೆತ್‌ಗೆ ವಾಪಸ್ ಬರೋಣ. ಲಾಂಬೆಹಿತದ ಕೊನೆಯ ತುಂಡು ಹೀಥ್. ದೋಣಿಯಿಂದ ಸರಕು ಇಳಿಸುವ, ಹತ್ತಿಸುವ ಜಾಗ. ನಮ್ಮಲ್ಲಿ ಕಡವು ಅನ್ನುತ್ತೇವೆ, ಮಂಗಳೂರಿನವರು ದಕ್ಕೆ ಅನ್ನುತ್ತಾರೆ. ಮೊದಲ ತುಂಡು ಲ್ಯಾಂಬ್, ಕುರಿಮರಿ. ಕುರಿಮರಿಗಳ ಕಡವು. ಸರಿಯಾ? ಪರೀಕ್ಷೆ ಮಾಡಬೇಕು.

ಮೊದಲ ಪರೀಕ್ಷೆ ಧ್ವನಿಯದ್ದು. ಇದು ಲೋಮ್ ಹೀಥ್, ಅಂದರೆ ಜೇಡಿಮಣ್ಣಿನ ಕಡವು ಅಂತ ಹಿಂದೆ ಹೇಳಿದವರಿದ್ದರು. ಥೇಮ್ಸ್ ದಡದಲ್ಲಿ ಜೇಡಿಗೆ ಬರವಿಲ್ಲ, ಕೇಳಲು ಚೆನ್ನಾಗಿಯೇ ಇದೆ. ಆದರೆ ಲೋಮ್ ಪದದ ಹಳೆಯ ರೂಪ ಲಾಮ್, ಅದರಲ್ಲಿ ಬ ಇಲ್ಲ. 1062ರ ರೂಪದಲ್ಲಿ ಬ ಎದ್ದು ಕಾಣುತ್ತದೆ. ಎರಡನೆಯದು ನೆಲದ್ದು: ಊರು ನದಿಗೆ ತಾಗಿಕೊಂಡೇ ಇದೆ, ಕಡವು ಹೊಂದುತ್ತದೆ. ಮೂರನೆಯದು ನೆಂಟರದ್ದು. ಇಂಥದೇ ಹೆಸರು ಅದೇ ನದಿಯಲ್ಲಿ ಬೇರೆ ಕಡೆ ಇದೆಯಾ? ಇದೆ, ಅದೂ ಸಾಲು ಸಾಲಾಗಿ. ರಾದರ್‌ಹೈದ್ ದನಗಳ ಕಡವು. ಚೆಲ್ಸಿ ಸುಣ್ಣಕಲ್ಲಿನ ಕಡವು. ಪಟ್ನಿ ಪುಟ್ಟ ಅನ್ನುವವನ ಕಡವು. ಸ್ಟೆಪ್ನಿ ಸ್ಟಿಬ್ಬನ ಕಡವು, ಕ್ರಿ.ಶ. 1000ದ ಸುಮಾರಿನಲ್ಲಿ ಸ್ಟಿಬ್ಬನ್‌ಹೀಥೆ ಅಂತ ಬರೆದದ್ದು ಉಳಿದಿದೆ. ಕೊನೆಯ ಹೀಥ್ ಒಂದು ಕಡೆ ಎತ್ ಆಗಿದೆ, ಒಂದು ಕಡೆ ಸಿ, ಇನ್ನೆರಡು ಕಡೆ ನಿ. ಈಗಿನ ಹೆಸರುಗಳನ್ನು ಎದುರಿಟ್ಟುಕೊಂಡರೆ ಇವು ಒಂದೇ ಮನೆಯವು ಅಂತ ಯಾರಿಗೂ ಹೊಳೆಯದು. ಹಳೆಯ ರೂಪಗಳನ್ನು ಇಟ್ಟಾಗ ಒಂದು ಇಡೀ ನದಿ ಕಣ್ಣೆದುರು ಬರುತ್ತದೆ: ಇಲ್ಲಿ ಕುರಿ ಇಳಿದವು, ಅಲ್ಲಿ ದನ, ಆಚೆ ಸುಣ್ಣಕಲ್ಲು. ನನಗೆ ಈ ಕೆಲಸದ ರುಚಿ ಹತ್ತಿದ್ದೇ ಇಂಥ ಸಾಲುಗಳಿಂದ.

ಎಲ್ಲಿ ಮೋಸ ಹೋಗುತ್ತೀರಿ

ಊರಿಗೆ ನದಿಯಿಂದ ಹೆಸರು ಬಂತು ಅಂತ ಕಣ್ಣು ಮುಚ್ಚಿ ಹೇಳಬೇಡಿ. ಕೇಂಬ್ರಿಜ್ ಅಂದರೆ ಕ್ಯಾಮ್ ನದಿಯ ಸೇತುವೆ ಅಂತ ಅನಿಸುತ್ತದೆ. ಹಳೆಯ ಹೆಸರು ಗ್ರಾಂಟಬ್ರಿಜ್, ನದಿಯ ಹೆಸರು ಗ್ರಾಂಟ. ಊರಿನ ಹೆಸರು ಬಾಯಿಂದ ಬಾಯಿಗೆ ಕೇಂಬ್ರಿಜ್ ಆದಮೇಲೆ, ಹಾಗಾದರೆ ನದಿ ಕ್ಯಾಮ್ ಇರಬೇಕು ಅಂತ ಜನ ನದಿಗೇ ಹೊಸ ಹೆಸರು ಇಟ್ಟರು. ಚೆಲ್ಮ್ಸ್‌ಫರ್ಡ್‌ನ ಚೆಲ್ಮರ್ ನದಿಯದ್ದೂ ಇದೇ ಕಥೆ. ಕ್ರಿಕೆಟ್ ಪ್ರಿಯರಿಗೆ ಇನ್ನೊಂದು ಮಾತು: ಲಾರ್ಡ್ಸ್ ಮೈದಾನದ ಹೆಸರಿನಲ್ಲಿ ಯಾವ ಪ್ರಭುವೂ ಇಲ್ಲ, ಅದನ್ನು ಕಟ್ಟಿಸಿದವರು ಥಾಮಸ್ ಲಾರ್ಡ್.

ಬರೆದಿಡುವಾಗ ಅರ್ಥ ಒಂದನ್ನೇ ಬರೆಯಬೇಡಿ. ಹಳೆಯ ರೂಪ, ಅದರ ವರ್ಷ, ಎಲ್ಲಿ ಸಿಕ್ಕಿತು, ಯಾವ ಭಾಷೆ, ತುಂಡುಗಳು, ಕೊನೆಗೆ ಅರ್ಥ. ಎರಡು ಅಭಿಪ್ರಾಯ ಇದ್ದರೆ ಎರಡೂ ಇರಲಿ. ಡರ್ಬಿ ಡೇನರ ಮಾತಿನಲ್ಲಿ ಜಿಂಕೆಯ ಹಳ್ಳಿ ಅಂತ ಒಂದು ಕಡೆಯವರು, ಡರ್ವೆಂಟ್ ನದಿಯ ಹೆಸರೂ ಅದರಲ್ಲಿ ಬೆರೆತಿದೆ ಅಂತ ಇನ್ನೊಂದು ಕಡೆಯವರು ಹೇಳುತ್ತಾರೆ. ಡೇನರು ಬರುವ ಮೊದಲು ಅದರ ಹೆಸರು ನಾರ್ತ್‌ವರ್ದಿ ಅಂತ ಇತ್ತು. ಇನ್ನು ಲಂಡನ್‌ನಿಂದಲೇ ಶುರು ಮಾಡೋಣ ಅನ್ನಬೇಡಿ. ರೋಮನ್ನರ ಲೊಂಡಿನಿಯುಮ್‌ಗಿಂತ ಹಿಂದಕ್ಕೆ ಆ ಹೆಸರಿನ ಅರ್ಥ ಏನು ಅನ್ನುವುದರಲ್ಲಿ ವಿದ್ವಾಂಸರಿಗೇ ಒಮ್ಮತ ಇಲ್ಲ.

ನಿಮಗೆ ಬೇಕಾದ ಹೆಸರು ಯಾವ ಪುಸ್ತಕದಲ್ಲೂ ಸಿಗಲಿಲ್ಲ ಅಂದುಕೊಳ್ಳಿ. ನೀವು ಬಾಡಿಗೆಗಿರುವ ಬೀದಿಯದ್ದು, ಮಗುವಿನ ಶಾಲೆ ಇರುವ ಬಡಾವಣೆಯದ್ದು. ಆಗ ಆ ಕೌಂಟಿಯ ರೆಕಾರ್ಡ್ ಆಫೀಸಿಗೆ ಇಮೇಲ್ ಹಾಕಿ, ಟೈದ್ ನಕಾಶೆ ಇದೆಯಾ ಕೇಳಿ. ಬೆಳೆಯಲ್ಲಿ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡುವ ಬದಲು ದುಡ್ಡಿನಲ್ಲಿ ಕೊಡಬೇಕು ಅಂತ 1836ರಲ್ಲಿ ಕಾನೂನು ಬಂತು. ಆಗ ಊರೂರಿನ ಹೊಲಗಳನ್ನು ಅಳೆದು ಈ ನಕಾಶೆ ಮಾಡಿದರು. ಜೊತೆಗಿರುವ ಪಟ್ಟಿಯಲ್ಲಿ ಹೊಲದ ನಂಬರ್, ಒಡೆಯ, ಗೇಣಿದಾರ, ಎಷ್ಟೋ ಕಡೆ ಹೊಲದ ಹೆಸರೂ ಇರುತ್ತದೆ. ನಿಮ್ಮ ಬಡಾವಣೆಯ ಹೆಸರು ಅಲ್ಲಿ ಒಂದು ಹೊಲದ ಹೆಸರಾಗಿ ಸಿಕ್ಕರೆ, ಅಲ್ಲಿಂದ ಹಿಂದಕ್ಕೆ ಮತ್ತೆ ಮೊದಲಿನಿಂದ ಸಾಲು ಬರೆಯಲು ಶುರು ಮಾಡಿ.